ಪಡಸಾಲೆಯ ಇಂಗ್ಲಿಷು, ಅಕ್ಕನ ಎಡಗಿವಿ

ನಮ್ಮ ನೀಲಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಹೇರ್‌ಪಿನ್ನು ಚುಚ್ಚಿಕೊಂಡು ಹಾಗಾಯಿತೆಂದು ಅವಳ ಗಂಡನ ಮನೆಯವರಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಲ್ಲರಿಗೂ ಗೊತ್ತು. ಆ ಕಿವಿ ಒಡೆದವಳು ನಾನು. ಹತ್ತು ವರ್ಷದವಳಿದ್ದಾಗ ಒಂದು ಸಂಜೆ ನನ್ನ ಬಲಗೈಯಿಂದ, ನಮ್ಮ ಮನೆಯ ಪಡಸಾಲೆಯಲ್ಲಿ, ಹಿರಿಯರು ನೋಡುತ್ತಿರುವಾಗಲೇ ಒಡೆದೆ. ನೋಡಿದವರಿಗೆ ಅದು ಇಂಗ್ಲಿಷ್ ಪಾಠವಾಗಿ ಕಂಡಿತು. ಮುಂದೆ ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಅದೇ ಇಂಗ್ಲಿಷನ್ನು ಕಲಿಸಿ ನಿವೃತ್ತಳೂ ಆದೆ. ಇಷ್ಟು ವರ್ಷದಲ್ಲಿ ಅಕ್ಕನ ಎದುರು ಆ ಸಂಜೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳು ನನ್ನನ್ನು ಕ್ಷಮಿಸಿಲ್ಲವೆಂದೇ ತಿಳಿದಿದ್ದೆ. ಅದಕ್ಕೆ ಸಾಕ್ಷಿಯೂ ಇತ್ತು; ಅವಳು ತಿರುಗಿ ನನಗೆ ಬಾರಿಸಿದ ಒಂದು ಏಟು.

ತೆಲುಗು ಸೀಮೆಗೆ ಸೇರಿದ ಆದೋನಿಯ ಹಳೇ ಪೇಟೆಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಮುಂದಿನ ಕೋಣೆಯ ತುಂಬ ಅರಳೆಯ ಸ್ಯಾಂಪಲ್ ಪೊಟ್ಟಣಗಳು. ಅದರ ಹಿಂದೆ ಕಡಪ ಕಲ್ಲು ಹಾಸಿದ ಪಡಸಾಲೆ, ನಾಲ್ಕು ಮರದ ಕಂಬ, ಒಂದು ಜೋಕಾಲಿ. ಅದರಾಚೆ ದೇವರ ಮನೆ, ಅಡುಗೆ ಮನೆ. ಹತ್ತಿಯ ಧೂಳು ಎಲ್ಲಿಗಾದರೂ ಬರುತ್ತಿತ್ತು, ಪುಂಡಿಪಲ್ಯದಲ್ಲೂ ಒಮ್ಮೊಮ್ಮೆ ಒಂದು ಎಳೆ ಸಿಗುತ್ತಿತ್ತು. ಮನೆಯ ಯಜಮಾನ ದೊಡ್ಡಪ್ಪ. ಅವನ ಹೆಂಡತಿ ಚಂದ್ರುವನ್ನು ಹೆತ್ತು ತೀರಿಕೊಂಡಿದ್ದಳು. ಚಂದ್ರುವನ್ನು ನಮ್ಮ ಅವ್ವನೇ ಸಾಕಿದಳು. ಅಪ್ಪ ದೊಡ್ಡಪ್ಪನ ತಮ್ಮ, ಅವನ ಕೈಕೆಳಗೇ ದುಡಿಯುತ್ತಿದ್ದವನು. ಮಕ್ಕಳು ನಾವು ಮೂವರು: ಅಕ್ಕ ಹಿರಿಯಳು, ಅವಳಿಗಿಂತ ಒಂದು ವರ್ಷಕ್ಕೆ ಚಿಕ್ಕವನು ಚಂದ್ರು, ಕೊನೆಗೆ ನಾನು, ಗಿರಿಜಾ. ದೊಡ್ಡಪ್ಪ ಬದುಕಿರುವಾಗ ಮಾತಿಗೊಂದು 'ರಿ' ಹಚ್ಚದೆ ಅವನೆದುರು ಯಾರೂ ಬಾಯಿ ಬಿಟ್ಟಿರಲಿಲ್ಲ. ಈಗ ಬರೆಯುವಾಗ ನಾನು ಹಚ್ಚುವುದಿಲ್ಲ. ಅಷ್ಟು ಸ್ವಾತಂತ್ರ್ಯ ನನಗಿರಲಿ.

ಹತ್ತಿ ವ್ಯಾಪಾರವೆಂದರೆ ಹೋಲಿಸುವ ಕೆಲಸ. ದೊಡ್ಡಪ್ಪ ಒಂದು ಚಿಟಿಕೆ ಅರಳೆಯನ್ನು ಎರಡೂ ಹೆಬ್ಬೆರಳ ನಡುವೆ ಹಿಡಿದು ಎಳೆದು, ಕರಿ ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಇನ್ನೊಂದನ್ನಿಟ್ಟು, ಇದು ಉದ್ದ, ಅದು ಗಿಡ್ಡ, ಇದು ಬಿಳಿ, ಅದು ಹಳದಿ ಎಂದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ತೀರ್ಪು ಕೊಡುತ್ತಿದ್ದ. ಅದೇ ಕಣ್ಣು ಮನೆಯೊಳಗೂ ಬರುತ್ತಿತ್ತು. ಎಲ್ಲಕ್ಕಿಂತ ಮೆತ್ತಗಿನ ರೊಟ್ಟಿ ಅವನಿಗೆ, ಅದಕ್ಕಿಂತ ಒಂದಿಷ್ಟು ಗಟ್ಟಿಯದು ಅಪ್ಪನಿಗೆ, ಅಂಚು ಸುಟ್ಟಿದ್ದು ಹೆಂಗಸರಿಗೆ. ಹೊರಗಿನಿಂದ ಬರುವ ಮಿಲ್ಲಿನ ಏಜೆಂಟರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರ ಎದುರು ಮೂಕನಾಗಿ ನಿಂತು ನಿಂತು ರೋಸಿ, ಎಲ್ಲಿಂದಲೋ ಒಂದು ಹಳೆಯ ಗ್ರಾಮರ್ ಪುಸ್ತಕ ತಂದು ಒಂದೇ ಒಂದು ಅಧ್ಯಾಯ ಕಲಿತಿದ್ದ, ಡಿಗ್ರೀಸ್ ಆಫ್ ಕಂಪ್ಯಾರಿಸನ್. ಅವನ ವ್ಯಾಪಾರಕ್ಕೆ ಅಷ್ಟೇ ಬೇಕಾಗಿತ್ತು. ಫೈನ್, ಫೈನರ್, ಫೈನೆಸ್ಟ್. ನಮ್ಮ ಕನ್ನಡದಲ್ಲಿ 'ದೊಡ್ಡ' ಎಂಬುದು ಅವನಿಗಿಂತ ದೊಡ್ಡ, ಎಲ್ಲರಿಗಿಂತ ದೊಡ್ಡ ಎಂದರೂ ದೊಡ್ಡ ಎಂದೇ ಉಳಿಯುತ್ತದೆ. ಸಾಲೆಯಲ್ಲಿ ನಾವು ಓದುತ್ತಿದ್ದ ತೆಲುಗಿನಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಹಾಗಲ್ಲ, ಮೆಟ್ಟಿಲೇರಿದಂತೆ ಪದಕ್ಕೇ ಬಾಲ ಬೆಳೆಯುತ್ತದೆ. ಇದು ದೊಡ್ಡಪ್ಪನಿಗೆ ಬಹಳ ಹಿಡಿಸಿತ್ತು. ಅರಳೆಗೆ ನಂಬರು ಹಾಕಿದಂತೆ ಮಾತಿಗೂ ನಂಬರು ಹಾಕುವ ಭಾಷೆ ಅದು ಎಂದು ಹಿಗ್ಗುತ್ತಿದ್ದ.

ಸಂಜೆ ದೀಪ ಹಚ್ಚಿ, ಅವನ ಲಿಂಗಪೂಜೆ ಮುಗಿದ ಮೇಲೆ ಪಾಠ. ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಅವನು ಜೋಕಾಲಿಯ ಮೇಲೆ ಕೂರುತ್ತಿದ್ದ. ನಾವು ಮೂವರು ಎದುರಿಗೆ ಸಾಲಾಗಿ ನಿಲ್ಲುತ್ತಿದ್ದೆವು. ಅವನು ಒಂದು ಪದ ಕೊಡಬೇಕು, ನಾವು ಮೂರು ಡಿಗ್ರಿ ಹೇಳಿ, ಮನೆಯ ಜನರ ಮೇಲೆಯೇ ವಾಕ್ಯ ಮಾಡಬೇಕು. ಚಂದ್ರು ಗಿರಿಜಾಳಿಗಿಂತ ಎತ್ತರ, ನೀಲಾ ಎಲ್ಲರಿಗಿಂತ ಎತ್ತರ, ಹೀಗೆ. ತಪ್ಪಿದವರಿಗೆ ಅವನು ಹೊಡೆಯುತ್ತಿರಲಿಲ್ಲ. ಸರಿ ಹೇಳಿದವರ ಕೈಯಿಂದ ಹೊಡೆಸುತ್ತಿದ್ದ, ಅದೂ ಕೆನ್ನೆಗೆ. ಹೊಡೆದ ಏಟನ್ನು ಸ್ಯಾಂಪಲ್ ನೋಡಿದ ಹಾಗೆ ನೋಡಿ ನಂಬರು ಕೊಡುತ್ತಿದ್ದ. ಏಟು ಮೆಲ್ಲಗಾದರೆ ಹೊಡೆದವರ ಅಂಗಾಲಿಗೆ ಜಂತಿಗೆ ಸಿಕ್ಕಿಸಿಟ್ಟ ಹುಣಸೆ ಬರಲ ಕೋಲಿನಿಂದ ನಾಲ್ಕು ಬೀಳುತ್ತಿದ್ದವು.

"ಏಯ್ ಗಿರ್ಜಿ, ಇದು ಏಟೇನು? ಕೆನ್ನಿ ಸವರಾಕ ಕರದೀನೇನು ನಿನ್ನ? ಇನ್ನೊಮ್ಮಿ ಹೊಡಿ, ಸಪ್ಪಳ ಬರಬೇಕು."

ಕಿರಿಯಳಾದರೂ ಇಂಗ್ಲಿಷಿನಲ್ಲಿ ನಾನೇ ಮುಂದಿದ್ದೆ. ಒಮ್ಮೆ ಕೇಳಿದ್ದು ತಲೆಯಲ್ಲಿ ಅಂಟಿಕೊಂಡುಬಿಡುತ್ತಿತ್ತು. ಹೀಗಾಗಿ ದಿನಾಲು ಹೊಡೆಯುವ ಪಾಳಿ ನನ್ನದು, ತಿನ್ನುವ ಪಾಳಿ ಅವರಿಬ್ಬರದು. ಮೊದಮೊದಲು ಹೊಡೆದು ನಾನೇ ಅಳುತ್ತಿದ್ದೆ. ಅಕ್ಕ ನನ್ನನ್ನು ಮಾಳಿಗೆಗೆ ಕರೆದೊಯ್ದು, ಒಣಹಾಕಿದ ಮೆಣಸಿನಕಾಯಿಯ ಪಕ್ಕ ಕೂರಿಸಿಕೊಂಡು ಒಂದು ವಿದ್ಯೆ ಹೇಳಿಕೊಟ್ಟಳು. ಅವಳೇ ಕಂಡುಹಿಡಿದ ವಿದ್ಯೆ ಅದು.

"ಅಂಗೈ ನೀರು ಮೊಗದಂಗ ಬಗ್ಗಿಸು. ಬೆರಳು ಕೂಡಿಸು. ಹಾಂ, ಈಗ ಹೊಡಿ ನನಗ."

ಹೊಡೆದೆ. ಪಟಾಕಿ ಹೊಡೆದಂತೆ ಸದ್ದಾಯಿತು. ನಾನು ಬೆದರಿ ಕೈ ಹಿಂದಕ್ಕೆಳೆದುಕೊಂಡೆ. ಅಕ್ಕ ನಗುತ್ತಿದ್ದಳು.

"ನೋವಾಗಿಲ್ಲಲೇ ಹುಚ್ಚಿ. ಗಾಳಿ ಸಿಕ್ಕೊಂಡು ಸಪ್ಪಳ ಆಗತೈತಿ, ಅಷ್ಟ. ಅವರಿಗೆ ಸಪ್ಪಳ ಬೇಕು, ನಮಗ ಕೆನ್ನಿ ಬೇಕು."

ಚಂದ್ರುವಿಗೂ ಕಲಿಸಿದೆವು. ಬೆನ್ನ ಮೇಲೆ, ತೊಡೆಯ ಮೇಲೆ, ಆಮೇಲೆ ಕೆನ್ನೆಯ ಮೇಲೆ ಮೂವರೂ ಅಭ್ಯಾಸ ಮಾಡಿದೆವು. ಹೊಡೆಸಿಕೊಂಡವರು "ಅಯ್ಯಯ್ಯೋ" ಎಂದು ಕೆನ್ನೆ ಹಿಡಿದು ಬಗ್ಗಬೇಕೆಂಬ ನಾಟಕವೂ ಸಿದ್ಧವಾಯಿತು. ಒಂದು ವರ್ಷ ದೊಡ್ಡಪ್ಪ ನಮ್ಮ ಏಟುಗಳಿಗೆ ಫಸ್ಟ್ ನಂಬರ್ ಕೊಡುತ್ತ ಬಂದ. ಊರಿಗೇ ಹತ್ತಿ ನೋಡಿ ಹೇಳುವವನಿಗೆ ಮೂರು ಮಕ್ಕಳ ಕೈಯೊಳಗಿನ ಗಾಳಿ ಗೊತ್ತಾಗಲಿಲ್ಲವಲ್ಲ ಎಂದು ನಾವು ಮಾಳಿಗೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದೆವು. ಆ ಮನೆಯಲ್ಲಿ ನಾನು ಹೊಟ್ಟೆ ತುಂಬ ನಕ್ಕದ್ದು ಅದೊಂದೇ ವರ್ಷ.

ಒಂದು ದಿನ ಮಾರ್ಕೆಟ್ಟಿನಲ್ಲಿ ಒಬ್ಬ ಏಜೆಂಟ ನಮ್ಮ ಅರಳೆಯನ್ನು ಇನ್ನೊಬ್ಬ ವ್ಯಾಪಾರಿಯ ಅರಳೆಯ ಪಕ್ಕ ಹಿಡಿದು, ಹತ್ತು ಜನರ ಎದುರು "ಪೂರರ್", ಇದು ಅದಕ್ಕಿಂತ ಕಳಪೆ, ಎಂದನಂತೆ. ಅಧ್ಯಾಯ ಬಾಯಿಪಾಠವಿದ್ದ ದೊಡ್ಡಪ್ಪನಿಗೆ ಆ ಪದ ಅರ್ಥವಾಯಿತು. ಅರ್ಥವಾಗದಿದ್ದರೇ ಒಳ್ಳೆಯದಿತ್ತು. ಆ ಮಾಲು ತೇವ ಹಿಡಿದಿತ್ತು; ಹಾಗಾಗದಂತೆ ನೋಡಿಕೊಳ್ಳಬೇಕಾದವನು ಅಪ್ಪ. ಮನೆಗೆ ಬಂದವನೇ ದೊಡ್ಡಪ್ಪ ಪಡಸಾಲೆಯಲ್ಲಿ ಕಾಲಿನ ಚಪ್ಪಲಿ ತೆಗೆದು ಅಪ್ಪನ ಮುಖಕ್ಕೆ ಹೊಡೆದ. ಒಂದಲ್ಲ, ನಾಲ್ಕು. ಹೆಗಲ ಮೇಲಿನ ವಲ್ಲಿ ಬಿದ್ದಾಗ ಅಪ್ಪ ಬಗ್ಗಿ ಅದನ್ನು ಎತ್ತಿಕೊಂಡ. ಬಗ್ಗಿದ ಬೆನ್ನಿಗೂ ಎರಡು ಬಿದ್ದವು. ಅಡುಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ನಲವತ್ತು ದಾಟಿದ ಗಂಡಸು, ಎರಡು ಮಕ್ಕಳ ತಂದೆ, ಕೈ ಮುಗಿದು "ತಪ್ಪಾತ್ರಿ ಅಣ್ಣಾ" ಅಂದ. ದೊಡ್ಡಪ್ಪ ಹೋಗಿ ಸ್ನಾನ ಮಾಡಿದ, ಪೂಜೆಗೆ ಕೂತ. ಗಂಟೆಯ ಸದ್ದು ಕೇಳಿದ ಮೇಲೆ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು.

ಅವತ್ತು ಪಾಠ ಇರಲಾರದೆಂದುಕೊಂಡಿದ್ದೆವು. ಇತ್ತು. ಅಪ್ಪನನ್ನೂ ಕರೆದು ಕಂಬದ ಪಕ್ಕ ನಿಲ್ಲಿಸಿದ.

"ನೀಲಿ. ಬ್ಯಾಡ್. ಮೂರೂ ಡಿಗ್ರಿ ಹೇಳು."

"ಬ್ಯಾಡ್, ವರ್ಸ್, ವರ್ಸ್ಟ್."

"ಮೂರನೇ ಡಿಗ್ರೀಲೆ ವಾಕ್ಯ ಮಾಡು. ನಿಮ್ಮಪ್ಪನ ಮ್ಯಾಲೆ ಮಾಡು. ಈ ಮನ್ಯಾಗ ಅವ ಎಂಥಾ ಮನಿಷ್ಯಾ, ಹೇಳು."

ಅಕ್ಕ ನೆಲ ನೋಡಿದಳು.

"ಬರಂಗಿಲ್ರಿ ದೊಡ್ಡಪ್ಪಾರ."

"ಬರಂಗಿಲ್ಲೊ, ಹೇಳಂಗಿಲ್ಲೊ?"

"ಬರಂಗಿಲ್ರಿ."

ಆಮೇಲೆ ಚಂದ್ರು. ಅವನಿಗೂ ಬರುತ್ತಿತ್ತು, ಆದರೆ ಅವನೂ ಬರುವುದಿಲ್ಲವೆಂದ. ದೊಡ್ಡಪ್ಪನ ಸ್ವಂತ ಮಗನಾಗಿಯೂ ಅಂದ. ಕೊನೆಗೆ ದೊಡ್ಡಪ್ಪ ನನ್ನ ಕಡೆ ತಿರುಗಿದ. ನಾನು ತಡವರಿಸಲೂ ಇಲ್ಲ. ಮೈ ಫಾದರ್ ಈಸ್ ದ ವರ್ಸ್ಟ್ ಮ್ಯಾನ್ ಇನ್ ದಿಸ್ ಹೌಸ್ ಎಂದೆ. ಈ ಮನೆಯಲ್ಲಿ ಎಲ್ಲರಿಗಿಂತ ಕೆಟ್ಟ ಮನುಷ್ಯ ನಮ್ಮಪ್ಪ ಎಂದು. ಹೆದರಿ ಹೇಳಿದೆನೆಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಉತ್ತರ ಗೊತ್ತಿತ್ತು, ಗೊತ್ತಿದ್ದುದನ್ನು ಹೇಳದೆ ನುಂಗಿಕೊಳ್ಳುವುದು ನನಗೆ ಬರುತ್ತಿರಲಿಲ್ಲ. ನನ್ನ ಜಾಣತನ ಅಷ್ಟು ಅಗ್ಗದ್ದಾಗಿತ್ತು. ಅಪ್ಪನಿಗೆ ಇಂಗ್ಲಿಷಿನ ಗಂಧವಿರಲಿಲ್ಲ. ಬಾತ ಕೆನ್ನೆಯಲ್ಲೇ ಅವನು ನಕ್ಕ.

"ಭೇಷ್ ನನ್ನ ಮಗಳ! ಹೆಂಗ ಪಟಪಟ ಅಂದ್ಲು ನೋಡ್ರಿ ಅಣ್ಣಾ."

ಆ ನಗು ಈಗಲೂ ನನ್ನನ್ನು ಬಿಟ್ಟಿಲ್ಲ. ಎಷ್ಟೋ ಸಲ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಆ ಮೂರು ಪದ ಬರೆಯುವಾಗ ಹುಡುಗರಿಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೇನೆ.

ಇಬ್ಬರಿಗೂ ಹೊಡೆಯುವ ಅಪ್ಪಣೆಯಾಯಿತು. ಚಂದ್ರುವಿಗೆ ಎಂದಿನಂತೆ ಬಗ್ಗಿಸಿದ ಅಂಗೈಯಿಂದ ಹೊಡೆದೆ. ಅವನು ಅಯ್ಯಯ್ಯೋ ಅನ್ನುವುದನ್ನು ಮರೆತೇಬಿಟ್ಟ. ಅಕ್ಕನ ಎದುರಿಗೆ ಹೋದೆ. ಅವಳು ನನಗೆ ಮಾತ್ರ ಕೇಳಿಸುವಂತೆ ಅಂದಳು:

"ಅಪ್ಪಗ ಅಂದೆಲ್ಲಲೇ. ನಾಚಿಕಿ ಬರಲಿಲ್ಲೇನು ನಿನಗ?"

ನಾಚಿಕೆ ಬಂದಿತ್ತು. ಬಂದದ್ದರಿಂದಲೇ ಸಿಟ್ಟೂ ಬಂತು. ಕೈ ರೂಢಿಯಂತೆ ಬಗ್ಗಿತು, ಆದರೆ ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಅವಳು ಮುಖ ತಿರುಗಿಸಿಕೊಂಡಳು. ಏಟು ಕೆನ್ನೆಗೆ ಬೀಳದೆ ಇಡೀ ಕಿವಿಯನ್ನು ಮುಚ್ಚಿ ಬಿತ್ತು. ಅಂಥ ಸದ್ದು ನಾನು ಹಿಂದೆ ಕೇಳಿರಲಿಲ್ಲ. ಅಕ್ಕ ಕೂಗಲಿಲ್ಲ. ಕಂಬ ಹಿಡಿದುಕೊಂಡು, ಸುತ್ತಲಿನ ಮನೆ ತಿರುಗುತ್ತಿದೆಯೇನೋ ಎಂಬಂತೆ ನಿಧಾನ ಕೆಳಗೆ ಕೂತಳು.

"ಹಾಂ! ಇದು ಫಸ್ಟ್ ನಂಬರ್," ಎಂದ ದೊಡ್ಡಪ್ಪ.

ಬೆಳಿಗ್ಗೆ ಅವಳ ದಿಂಬಿನ ಮೇಲೆ ಒಂದು ಕೆಂಪು ಕಲೆಯಿತ್ತು. ಅವ್ವ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು, ನಾನೂ ಸೆರಗು ಹಿಡಿದು ಹೋದೆ. ಡಾಕ್ಟರು ಬ್ಯಾಟರಿ ಹಾಕಿ ನೋಡಿ ತೆಲುಗಿನಲ್ಲಿ ಕೇಳಿದರು:

"ಕರ್ಣಭೇರಿ ಪಗಿಲಿಂದಿ. ಎವರು ಕೊಟ್ಟಿನಾರಮ್ಮಾ?"

ಕಿವಿಯ ತಮಟೆ ಒಡೆದಿದೆ, ಯಾರು ಹೊಡೆದರು ಎಂದು. ಅವ್ವ ನನ್ನ ಕಡೆ ನೋಡಿದಳು. ನಾನು ಡಾಕ್ಟರ ಮೇಜಿನ ಕಾಲು ನೋಡುತ್ತಿದ್ದೆ. ಅಕ್ಕ ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಯಾರೂ ಹೊಡದಿಲ್ರಿ. ಕಿವಿ ಕಡಿತಿತ್ತು, ಇದನ್ನ ಹಾಕ್ಕೊಂಡಿದ್ದೆ."

ಸುದ್ದಿ ದೊಡ್ಡಪ್ಪನಿಗೆ ತಲುಪಿತು. ಪಿನ್ನಿನ ಕತೆ ಅವನಿಗೆ ಅನುಕೂಲವೇ ಆಗಿತ್ತು, ಆದರೂ ಹುಣಸೆ ಬರಲು ಕೆಳಗಿಳಿಯಿತು. ಅಕ್ಕನ ಅಂಗಾಲು, ಮೀನಖಂಡ, ಬೆನ್ನು. ಲಂಗದ ಕೆಳಗೆ ಬರೆ ಎದ್ದು ಕಾಣುತ್ತಿತ್ತು.

"ಹೆಣ್ಣುಹುಡಿಗಿ ಕಿವುಡಿ ಆದ್ರ ಯಾವನಲೇ ನಿನ್ನ ಮಾಡ್ಕೊಳ್ಳವ? ಖರೇ ಹೇಳು, ಪಿನ್ನ ಹೌದೇನು?"

"ಉರುಕುಂದ ಈರಣ್ಣನ ಆಣಿ. ಪಿನ್ನ ರೀ."

ಈರಣ್ಣ ನಮ್ಮ ಮನೆದೇವರು. ಅವನ ಮೇಲೆ ಸುಳ್ಳು ಆಣೆ ಇಟ್ಟರೆ ವಂಶ ಉಳಿಯುವುದಿಲ್ಲವೆಂದು ಹಾಲು ಕುಡಿಯುವ ಮಕ್ಕಳಿಗೂ ಹೇಳಿ ಬೆಳೆಸುವ ಮನೆ ಅದು. ಅಕ್ಕ ಪ್ರತಿ ಏಟಿಗೂ ಅದೇ ಆಣೆ ಇಟ್ಟಳು. ನಾನು ಕಂಬದ ಹಿಂದೆ ನಿಂತು ಎಲ್ಲವನ್ನೂ ನೋಡಿದೆ. "ನಾನ ಹೊಡದೆ" ಎಂಬ ಎರಡು ಪದ ಬಾಯಿಯವರೆಗೆ ಬಂದು ಬಂದು ಹಿಂದೆ ಹೋದವು. ಇಂಗ್ಲಿಷನ್ನು ಪಟಪಟ ಹೇಳುವ ಹುಡುಗಿಗೆ ತನ್ನ ಮಾತಿನಲ್ಲಿ ಎರಡು ಪದ ಹೇಳಲಾಗಲಿಲ್ಲ. ಆ ವಾರ ಅಕ್ಕನಿಗೆ ರೊಟ್ಟಿ ಅಗಿಯಲು ಆಗದೆ ಅವ್ವ ಅನ್ನ ಮಜ್ಜಿಗೆ ಕಲಸಿ ಕೊಡುತ್ತಿದ್ದಳು.

ಎರಡು ವಾರ ಕಳೆದ ಮೇಲೆ ಅಕ್ಕ ಮತ್ತೆ ಸಾಲಿನಲ್ಲಿ ನಿಂತಳು. ಅವತ್ತಿನ ಪದ ಸ್ಟ್ರಾಂಗ್. ದೊಡ್ಡಪ್ಪ ಮೊದಲು ನನ್ನನ್ನೇ ಕೇಳಿದ. ನಾನು ಬರುವುದಿಲ್ಲವೆಂದೆ. ನನ್ನ ಪ್ರಾಯಶ್ಚಿತ್ತಕ್ಕೆ ನಾನು ಕಂಡುಕೊಂಡ ದಾರಿ ಅದೊಂದೇ. ಅಕ್ಕ ಬಲಗಿವಿ ಮುಂದೆ ಮಾಡಿ ಪದ ಕೇಳಿಸಿಕೊಂಡು ಮೂರೂ ಡಿಗ್ರಿ ಹೇಳಿದಳು, ನನ್ನ ಎದುರು ಬಂದು ನಿಂತಳು. ಬಗ್ಗಿದ ಅಂಗೈ, ದೊಡ್ಡ ಸದ್ದು, ಸುಳ್ಳು ಅಯ್ಯಯ್ಯೋ, ಅಷ್ಟಾದರೆ ನಾವು ಮತ್ತೆ ಮೊದಲಿನಂತಾಗುತ್ತೇವೆ ಎಂದು ನಾನು ಕೆನ್ನೆ ಕೊಟ್ಟು ಕಣ್ಣು ಮುಚ್ಚಿದೆ. ಅವಳು ಎಡಗೈಯಿಂದ ನನ್ನ ಗದ್ದ ಹಿಡಿದು ಮುಖವನ್ನು ನೆಟ್ಟಗೆ ಮಾಡಿದಳು. ಆಮೇಲೆ ಐದೂ ಬೆರಳು ಬಿಡಿಸಿ, ಅಂಗೈ ಹಲಗೆಯಷ್ಟು ಚಪ್ಪಟೆ ಮಾಡಿ ಬಾರಿಸಿದಳು. ಸದ್ದು ಅಷ್ಟೇನಿರಲಿಲ್ಲ. ಉರಿ ಮಾತ್ರ ಗದ್ದದಿಂದ ನೆತ್ತಿಗೇರಿತು, ತುಟಿಯ ಒಳಗೆ ಹಲ್ಲು ತಾಗಿ ಬಾಯಿ ಉಪ್ಪಾಯಿತು. ನಾಲ್ಕು ಬೆರಳಿನ ಗುರುತು ಮರುದಿನವೂ ಇತ್ತು. ಅಲ್ಲಿಗೆ ನನಗೆ ತಿಳಿದುಹೋಯಿತು, ಅಕ್ಕ ಇನ್ನು ನನ್ನವಳಲ್ಲ. ಅಂದಿನಿಂದ ಅವಳು ಯಾವಾಗ ಹೊಡೆದರೂ ಚಪ್ಪಟೆ ಕೈಯಿಂದಲೇ ಹೊಡೆದಳು, ಚಂದ್ರುವಿಗೂ ಹಾಗೆಯೇ ಹೊಡೆಯಲು ಹೇಳಿದಳು. ಹಠಕ್ಕೆ ಬಿದ್ದು ನಾನೂ ಹಾಗೇ ಹೊಡೆದೆ. ಮಾಳಿಗೆಯ ನಗು ನಿಂತಿತು, ನಾವು ಮೂವರೂ ನಿಜವಾಗಿ ಬಡಿದಾಡುವ ಮಕ್ಕಳಾದೆವು. ದೊಡ್ಡಪ್ಪನಿಗೆ ಬೇಕಾಗಿದ್ದುದೂ ಅದೇ.

ಆ ಸಾಲನ್ನು ಮುರಿದವಳು ಅವ್ವ. ಭಾವನ ಎದುರು ನಿಲ್ಲದ, ಅವನೊಂದಿಗೆ ನೇರವಾಗಿ ಒಂದು ಮಾತೂ ಆಡದ ಹೆಂಗಸು, ನಾನು ಅಕ್ಕನಿಗೆ ಕೈ ಎತ್ತಿದ್ದ ಒಂದು ಸಂಜೆ ಅಡುಗೆ ಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಮ್ಮಿಬ್ಬರ ನಡುವೆ ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ.

"ನನಗೂ ಇಂಗ್ಲಿಷ್ ಬರಂಗಿಲ್ರಿ. ಮೊದಲ ನನಗ ಹೊಡಸ್ರಿ, ಹಡದ ಮಗಳ ಕೈಲೆ. ನಾನೂ ನೋಡತೀನಿ, ನೀವು ಎಷ್ಟನೇ ನಂಬರ್ ಕೊಡತೀರಿ ಅಂತ."

ದೊಡ್ಡಪ್ಪ ಹುಣಸೆ ಬರಲಿನಿಂದ ಅವಳ ತೋಳಿಗೆ ಒಂದು ಹೊಡೆದ. ಅವಳು ಅಲುಗಲಿಲ್ಲ. ಎರಡನೆಯದಕ್ಕೆ ಎತ್ತಿದ ಕೈಯನ್ನು ಕಂಬದ ಪಕ್ಕದಿಂದ ಬಂದ ಅಪ್ಪ ಬಿಗಿಯಾಗಿ ಹಿಡಿದುಕೊಂಡ. ದೊಡ್ಡಪ್ಪ ಕೊಸರಿಕೊಂಡು ಹೊರಗೆ ಹೋದ. ಮುಂದಿನ ತಿಂಗಳು ನಾವು ಬೇರೆ ಮನೆ ಮಾಡಿದೆವು. ಅಪ್ಪನಿಗೆ ನಾನು ಹೇಳಿದ ವಾಕ್ಯದ ಅರ್ಥವನ್ನು ಯಾರೂ ಹೇಳಲಿಲ್ಲ. ಸಾಯುವವರೆಗೂ ಬಂದವರಿಗೆಲ್ಲ ಅವನು, ನಮ್ಮ ಗಿರ್ಜಿ ಇಂಗ್ಲಿಷಿನಾಗ ಭಾಳ ಶ್ಯಾಣ್ಯಾಕಿ ಅನ್ನುತ್ತಿದ್ದ.

ಅಕ್ಕನನ್ನು ಹಾಲಹರವಿಯ ಒಕ್ಕಲುತನದ ಮನೆಗೆ ಕೊಟ್ಟರು. ನಾನು ಓದಿದೆ, ಟೀಚರಾದೆ, ಆದೋನಿಯಲ್ಲೇ ಉಳಿದೆ. ಮದುವೆ, ನಾಮಕರಣ, ಸಾವುಗಳಲ್ಲಿ ಸೇರುತ್ತಿದ್ದೆವು. ಎಲ್ಲಿ ಸೇರಿದರೂ ನಾನು ಅವಳ ಎಡಕ್ಕೇ ಕೂರುತ್ತಿದ್ದೆ. ಆ ಕಡೆ ಕೂತರೆ ಮಾತಾಡಬೇಕಾಗಿಲ್ಲವಲ್ಲ.

ಈ ಬೇಸಿಗೆಯಲ್ಲಿ ಅವಳು ಕಿವಿಗೆ ಮಷಿನ್ ಹಾಕಿಸಿಕೊಳ್ಳಬಹುದೇ ಎಂದು ತೋರಿಸಲು ನಮ್ಮ ಮನೆಗೆ ಬಂದಳು. ಜೊತೆಗೆ ಇಬ್ಬರು ಮೊಮ್ಮಕ್ಕಳು. ಒಂಬತ್ತು ವರ್ಷದ ಅಂಕಿತಾಳಿಗೆ ರಜೆಯ ಹೋಂವರ್ಕ್ ಇತ್ತು, ಅದೇ ಅಧ್ಯಾಯ. ನಾನು ಹೇಳಿಕೊಡುತ್ತಿದ್ದೆ. ಅಕ್ಕ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು, ನಾನು ಎಂದಿನಂತೆ ಅವಳ ಎಡಕ್ಕೆ. ಬೇಸರ ಬಂದ ಅಂಕಿತಾ ಪುಸ್ತಕ ಬಿಟ್ಟು ತಮ್ಮನೊಂದಿಗೆ ಆಟಕ್ಕಿಳಿದಳು. ಎಲ್ಲಿ ಕಲಿತಿದ್ದಳೋ, ಅಂಗೈಯನ್ನು ನೀರು ಮೊಗೆಯುವಂತೆ ಬಗ್ಗಿಸಿ, ಸದ್ದು ಮಾಡಿ ತೋರಿಸುತ್ತೇನೆ ಎಂದು ಅವನ ಕೆನ್ನೆಗೆ ಎತ್ತಿದಳು. ಅಕ್ಕನ ಮಡಿಲಿನ ಶೇಂಗಾ ನೆಲದ ತುಂಬ ಚೆಲ್ಲಿತು. ಮೊಣಕಾಲು ನೋವಿನ ಆ ಮುದುಕಿ ಎದ್ದದ್ದೇ ನನಗೆ ಕಾಣಲಿಲ್ಲ. ಹುಡುಗಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅಂಗೈ ಬಗ್ಗಿಸಬ್ಯಾಡ! ಬಗ್ಗಿಸಿದ ಕೈ ಕಿವಿ ಒಡಿತೈತಿ. ಹೊಡದಾಡೂದಿದ್ರ ಅಗಲ ಕೈಲೆ ಹೊಡದಾಡ್ರಿ. ಉರಿತೈತಿ, ಉರದು ಹೋಗತೈತಿ. ಕಿವಿ ಉಳಿತೈತಿ."

ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಗದ್ದ ಹಿಡಿದು ಮುಖ ನೆಟ್ಟಗೆ ಮಾಡಿದ್ದು, ಬೆರಳು ಬಿಡಿಸಿದ್ದು, ಚಂದ್ರುವಿಗೂ ಹಾಗೆ ಹೇಳಿದ್ದು ಎಲ್ಲ ನೆನಪಾಯಿತು. ನಾನು ಕೇಳಿದೆ.

"ಅಕ್ಕಾ, ಅವತ್ತು ನೀ ನನಗ ಹೊಡದಿದ್ದು, ಅದಕ್ಕೇನು?"

ಅವಳು ಬಲಗಿವಿ ನನ್ನ ಕಡೆ ತಿರುಗಿಸಿದಳು. ಇನ್ನೊಮ್ಮೆ ಕೇಳಿದೆ.

"ಮತ್ತ್ಯಾಕ? ನಾ ಕಲಿಸಿದ ಹುಚ್ಚು ವಿದ್ಯಾಕ ನಂದೊಂದು ಹೋಗಿತ್ತು. ನಿಂದೂ ಹೋಗಬೇಕಿತ್ತೇನು?"

ಶೇಂಗಾ ಆರಿಸಲು ಬಗ್ಗಿದಳು. ಐವತ್ತು ವರ್ಷ ಅವಳು ನನ್ನನ್ನು ದ್ವೇಷಿಸುತ್ತಾಳೆಂದುಕೊಂಡು ದೂರ ಕೂತವಳು ನಾನು. ಅವಳ ತಲೆಯಲ್ಲಿ ಅಂಥ ಯೋಚನೆ ಸುಳಿದೇ ಇರಲಿಲ್ಲ. ಅಂಕಿತಾ ತನ್ನ ಮಣಿಕಟ್ಟು ತಿಕ್ಕಿಕೊಳ್ಳುತ್ತ ಅನುಮಾನದಿಂದ ಅಜ್ಜಿಯನ್ನೇ ನೋಡುತ್ತಿದ್ದಳು.

"ಅಜ್ಜಿ, ಹಂಗಾರ ನಿನ್ನ ಕಿವಿ ಹೆಂಗ ಹೋತು?"

"ಪಿನ್ನವ್ವಾ," ಎಂದಳು ಅಕ್ಕ, ತಲೆ ಎತ್ತದೆ. "ಎಷ್ಟು ಸಲ ಹೇಳಬೇಕು? ಕಿವಿ ಕಡಿತಿತ್ತು, ಪಿನ್ನ ಹಾಕ್ಕೊಂಡೆ."

ನಾನು ಎದ್ದೆ. ಅಕ್ಕನ ಹಿಂದಿನಿಂದ ಸುತ್ತಿ ಬಂದು ಅವಳ ಬಲಕ್ಕೆ ಕೂತೆ.

"ಪಿನ್ನಲ್ಲ ಅಂಕಿತಾ," ಎಂದೆ, ಅಕ್ಕನಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಾನ ಹೊಡದೆ."